ಮಂಡಿನೋವಿಗೆ ಕೈರೋಪ್ರಾಕ್ಟಿಕ್ ಚಿಕಿತ್ಸೆ: ಹೋಗುವ ಮುನ್ನ ತಿಳಿದಿರಬೇಕಾದದ್ದು, ಹೋಗಿ ಬಂದ ಮೇಲೆ ಮಾಡಬೇಕಾದದ್ದು

ಮಂಡಿನೋವು ತಿಂಗಳುಗಟ್ಟಲೆ ಬಿಡದೆ ಕಾಡಿದಾಗ, ಮಾತ್ರೆ ನುಂಗಿ ಬೇಸತ್ತವರು ಮತ್ತು ಶಸ್ತ್ರಚಿಕಿತ್ಸೆಯ ಹೆಸರು ಕೇಳಿದರೆ ಅಂಜುವವರು ಕೈಯಿಂದಲೇ ಮಾಡುವ ಚಿಕಿತ್ಸೆಯ ಕಡೆಗೆ ತಿರುಗುವುದು ಸಹಜ. ಹಿಂದೆ ಉಳುಕು ತೆಗೆಯುವವರನ್ನು, ಮೂಳೆ ಕಟ್ಟುವ ನಾಟಿ ವೈದ್ಯರನ್ನು ಹುಡುಕಿಕೊಂಡು ಹೋಗುತ್ತಿದ್ದ ಜನರಲ್ಲಿ ಕೆಲವರು ಈಗ ಬೆಂಗಳೂರಿನಂಥ ನಗರಗಳಲ್ಲಿ ಕೀಲುಗಳನ್ನು ಕೈಯಿಂದ ಒತ್ತಿ, ಸರಿಸಿ ನೋವಿಗೆ ಚಿಕಿತ್ಸೆ ನೀಡುವ ಕೈರೋಪ್ರಾಕ್ಟಿಕ್ ಎಂಬ ಪದ್ಧತಿಯ ಫಲಕವಿರುವ ಚಿಕಿತ್ಸಾಲಯಗಳಿಗೆ ಹೋಗುತ್ತಿದ್ದಾರೆ. ಇಂಥ ಚಿಕಿತ್ಸೆಗೆ ಹೋಗಬೇಕೇ ಬೇಡವೇ, ಹೋಗುವುದಾದರೆ ಹೇಗೆ ಸಿದ್ಧರಾಗಬೇಕು, ಯಾವುದಕ್ಕೆ ಒಪ್ಪಬೇಕು, ಯಾವುದನ್ನು ಬೇಡವೆನ್ನಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಮಧ್ಯವಯಸ್ಸು ದಾಟಿದವರಲ್ಲಿ ಹೆಚ್ಚಾಗಿ ಕಾಣುವ ಮಂಡಿ ಸವೆತದ ನೋವನ್ನೇ ಮುಖ್ಯವಾಗಿ ಗಮನದಲ್ಲಿ ಇಟ್ಟುಕೊಂಡಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳುತ್ತೇನೆ. ಕೈಚಿಕಿತ್ಸೆಯು ನೋವನ್ನು ಕೆಲವು ಗಂಟೆ ಅಥವಾ ಕೆಲವು ದಿನಗಳ ಮಟ್ಟಿಗೆ ತಗ್ಗಿಸಬಲ್ಲದು, ಬಿಗಿದ ಕೀಲನ್ನು ಸ್ವಲ್ಪ ಸಡಿಲಿಸಬಲ್ಲದು. ಮಂಡಿಯನ್ನು ವರ್ಷಗಟ್ಟಲೆ ಕಾಪಾಡುವುದು ಮಾತ್ರ ತೊಡೆಯ ಮತ್ತು ಸೊಂಟದ ಸ್ನಾಯುಗಳ ಬಲ. ನೋವು ತಗ್ಗಿದ ಆ ಅಲ್ಪ ಅವಧಿಯನ್ನು ವ್ಯಾಯಾಮಕ್ಕೆ ಬಳಸಿಕೊಳ್ಳದಿದ್ದರೆ, ಎಷ್ಟು ಸಲ ಹೋಗಿ ಮಲಗಿ ಬಂದರೂ ಮಂಡಿ ಮೊದಲಿದ್ದ ಸ್ಥಿತಿಗೇ ಮರಳುತ್ತದೆ.

ಈ ಪದ್ಧತಿ ಎಲ್ಲಿಯದು, ಮಂಡಿಗೆ ಇದು ಏನು ಮಾಡುತ್ತದೆ

ಕೈರೋಪ್ರಾಕ್ಟಿಕ್ ಹುಟ್ಟಿದ್ದು ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಪಟ್ಟಣದಲ್ಲಿ, 1895ರಲ್ಲಿ. ಡಿ. ಡಿ. ಪಾಮರ್ ಎಂಬವರು ಅದರ ಸ್ಥಾಪಕರು. ಬೆನ್ನುಮೂಳೆಯ ಕೀಲುಗಳು ಸ್ಥಾನ ತಪ್ಪುವುದೇ ಬಹುತೇಕ ಎಲ್ಲ ಕಾಯಿಲೆಗಳಿಗೂ ಮೂಲವೆಂದು ಅವರು ನಂಬಿದ್ದರು; ಆ ನಂಬಿಕೆಗೆ ವಿಜ್ಞಾನದ ಆಧಾರ ದೊರೆತಿಲ್ಲ. ಇಂದು ಈ ವೃತ್ತಿಯಲ್ಲಿರುವ ಅನೇಕರು ಆ ಹಳೆಯ ವಾದವನ್ನು ಬದಿಗಿಟ್ಟು, ಬೆನ್ನು, ಕತ್ತು ಮತ್ತು ಕೈಕಾಲುಗಳ ಕೀಲುನೋವಿಗೆ ಮಾತ್ರ ಚಿಕಿತ್ಸೆ ನೀಡುತ್ತಾರೆ. ಹಳೆಯ ವಾದವನ್ನೇ ಹಿಡಿದುಕೊಂಡವರೂ ಇದ್ದಾರೆ. ನೀವು ಹುಡುಕಬೇಕಾದದ್ದು ಮೊದಲನೆಯ ಬಗೆಯವರನ್ನು.

ಮಂಡಿಯ ರಚನೆಯನ್ನು ಒಮ್ಮೆ ಗ್ರಹಿಸಿಕೊಂಡರೆ ಚಿಕಿತ್ಸಕರು ಹೇಳುವ ಮಾತುಗಳನ್ನು ತೂಗಿ ನೋಡುವುದು ಸುಲಭವಾಗುತ್ತದೆ. ಮೇಲಿನಿಂದ ಬರುವ ತೊಡೆಮೂಳೆ, ಕೆಳಗಿನ ಕಣಕಾಲಿನ ಮೂಳೆ ಮತ್ತು ಮುಂದೆ ಕೂತಿರುವ ಮಂಡಿಚಿಪ್ಪು ಇವು ಮೂರೂ ಅಲ್ಲಿ ಕೂಡುತ್ತವೆ. ಮೂಳೆಗಳ ತುದಿಗೆ ನಯವಾದ ಮೃದ್ವಸ್ಥಿಯ ಹೊದಿಕೆಯಿದೆ. ಅವುಗಳ ನಡುವೆ, ಕೊಡ ಹೊರುವಾಗ ತಲೆಯ ಮೇಲಿಡುವ ಸಿಂಬೆಯ ಹಾಗೆ, ಭಾರವನ್ನು ಹರಡಿ ಹೊರುವ ಮೆನಿಸ್ಕಸ್ ಎಂಬ ಎರಡು ಮೆತ್ತೆಗಳಿವೆ. ನಾಲ್ಕು ಮುಖ್ಯ ಲಿಗಮೆಂಟುಗಳು ಕೀಲನ್ನು ಅಕ್ಕಪಕ್ಕಕ್ಕೂ ಹಿಂದುಮುಂದಕ್ಕೂ ಜಾರದಂತೆ ಬಿಗಿದಿಟ್ಟಿರುತ್ತವೆ. ಸವೆತದಲ್ಲಿ ಮೃದ್ವಸ್ಥಿ ತೆಳುವಾಗುವುದರ ಜೊತೆಗೆ ಒಳಪೊರೆ ಉರಿಯುತ್ತದೆ, ಮೂಳೆಯ ಅಂಚಿನಲ್ಲಿ ಹೊಸ ಬೆಳವಣಿಗೆಯಾಗುತ್ತದೆ, ನೋವಿಗೆ ಹೆದರಿ ನಡಿಗೆ ಕಡಿಮೆಯಾದಾಗ ತೊಡೆಯ ಸ್ನಾಯು ಸೊರಗುತ್ತದೆ.

ತೆಳುವಾದ ಮೃದ್ವಸ್ಥಿಯನ್ನು ಯಾರ ಕೈಯೂ ಮತ್ತೆ ಬೆಳೆಸಲಾರದು. "ನಿಮ್ಮ ಮಂಡಿಯ ಮೂಳೆ ಜಾರಿದೆ, ಅದನ್ನು ಕೂರಿಸುತ್ತೇನೆ" ಎಂಬ ಮಾತೂ ಸವೆತದ ಮಂಡಿಗೆ ಅನ್ವಯಿಸುವುದಿಲ್ಲ. ಮಂಡಿಯ ಮೂಳೆ ನಿಜವಾಗಿ ಜಾರಿದ್ದರೆ ಅದು ತುರ್ತು ಸ್ಥಿತಿ, ಅದಕ್ಕೆ ಆಸ್ಪತ್ರೆಯೇ ಸರಿ. ಚಿಕಿತ್ಸೆಯ ವೇಳೆ ಕೇಳಿಸುವ 'ಟಕ್' ಎಂಬ ಸದ್ದಿನ ಬಗ್ಗೆಯೂ ತಪ್ಪು ತಿಳಿವಳಿಕೆ ಹೆಚ್ಚು. ಕೀಲಿನೊಳಗಿನ ದ್ರವದ ಮೇಲಿನ ಒತ್ತಡ ಥಟ್ಟನೆ ಇಳಿದಾಗ ಅಲ್ಲಿ ಅನಿಲದ ಪೊಳ್ಳು ಉಂಟಾಗುತ್ತದೆ. ಬೆರಳ ನೆಟಿಗೆ ತೆಗೆಯುವಾಗ ಹೀಗಾಗುವುದನ್ನು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಎಂ.ಆರ್.ಐ. ಯಂತ್ರದಲ್ಲಿ ಚಿತ್ರೀಕರಿಸಿದರು. ಸದ್ದು ಬಂದರೆ ಗುಣವಾಯಿತೆಂದಾಗಲಿ, ಬಾರದಿದ್ದರೆ ಚಿಕಿತ್ಸೆ ಸರಿಯಾಗಲಿಲ್ಲವೆಂದಾಗಲಿ ಅರ್ಥವಿಲ್ಲ.

ಮೊದಲು ವೈದ್ಯರ ಬಳಿಗೇ ಹೋಗಬೇಕಾದ ಸಂದರ್ಭಗಳು

ಕೆಲವು ಲಕ್ಷಣಗಳಿದ್ದಾಗ ಯಾವ ಕೈಚಿಕಿತ್ಸೆಯನ್ನೂ ಮಾಡಿಸಿಕೊಳ್ಳಬಾರದು. ಮಂಡಿ ಕೆಂಪಗೆ ಊದಿ, ಮುಟ್ಟಿದರೆ ಬಿಸಿಯಾಗಿದ್ದು, ಜೊತೆಗೆ ಜ್ವರವೋ ಚಳಿಯೋ ಇದ್ದರೆ ಕೀಲಿನೊಳಗೆ ಸೋಂಕು ತಗುಲಿರುವ ಸಾಧ್ಯತೆಯಿದೆ. ತಡಮಾಡಿದರೆ ಕೀಲು ಶಾಶ್ವತವಾಗಿ ಹಾಳಾಗಬಹುದಾದ್ದರಿಂದ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕುವುದು ಅಪಾಯಕರ, ಮತ್ತು ಅದರೊಂದಿಗೆ ಉಸಿರಾಟಕ್ಕೆ ಕಷ್ಟವಾದರೆ ಒಂದು ಕ್ಷಣವೂ ಕಾಯಬಾರದು. ಮಂಡಿ ಅರ್ಧಕ್ಕೆ ಸಿಕ್ಕಿಕೊಂಡು ಪೂರ್ತಿ ನೀಡಲು ಬಾರದಿರುವುದು, ರಾತ್ರಿ ಮಲಗಿದಾಗಲೂ ಬಿಡದೆ ಹೆಚ್ಚುತ್ತಿರುವ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದವರಲ್ಲಿ ಹೊಸದಾಗಿ ಕಾಣಿಸಿಕೊಂಡ ಮೂಳೆನೋವು, ಇವೂ ಮೊದಲು ವೈದ್ಯರ ಕಣ್ಣಿಗೆ ಬೀಳಬೇಕು.

ಬಿದ್ದು ಅಥವಾ ಪೆಟ್ಟು ತಿಂದು ನೋವು ಬಂದಿದ್ದರೆ ಎಕ್ಸ್-ರೇ ಬೇಕೇ ಎಂಬುದನ್ನು ನಿರ್ಧರಿಸಲು ವೈದ್ಯರು ಒಟ್ಟಾವಾ ನಿಯಮಗಳೆಂಬ ಸರಳ ಸೂತ್ರಗಳನ್ನು ಬಳಸುತ್ತಾರೆ. ವಯಸ್ಸು 55 ಅಥವಾ ಅದಕ್ಕಿಂತ ಹೆಚ್ಚಾಗಿರುವುದು, ಮಂಡಿಚಿಪ್ಪಿನ ಮೇಲಷ್ಟೇ ಒತ್ತಿದರೆ ನೋಯುವುದು, ಮಂಡಿಯ ಹೊರಬದಿಯ ಕೆಳಗೆ ಕೈಗೆ ಸಿಗುವ ಸಣ್ಣ ಮೂಳೆಯ ತಲೆ ನೋಯುವುದು, ಮಂಡಿಯನ್ನು 90 ಡಿಗ್ರಿಯವರೆಗೆ ಮಡಚಲು ಆಗದಿರುವುದು, ಪೆಟ್ಟಾದ ಕೂಡಲೇ ಮತ್ತು ಪರೀಕ್ಷೆಯ ವೇಳೆ ನಾಲ್ಕು ಹೆಜ್ಜೆಯೂ ಇಡಲಾಗದಿರುವುದು, ಇವುಗಳಲ್ಲಿ ಯಾವುದಾದರೂ ಒಂದಿದ್ದರೆ ಎಕ್ಸ್-ರೇ ತೆಗೆಸಬೇಕು. ಮನೆಯಲ್ಲಿ ಹಿರಿಯರು ಬಚ್ಚಲಲ್ಲಿ ಜಾರಿ ಬಿದ್ದಾಗ "ಉಳುಕಿರಬೇಕು" ಎಂದು ಎಣ್ಣೆ ಹಚ್ಚಿ ತಿಕ್ಕುವ ಮೊದಲು ಇವಿಷ್ಟನ್ನು ನೆನಪಿಸಿಕೊಳ್ಳುವುದು ಒಳ್ಳೆಯದು.

ಇನ್ನೊಂದು ವಿಷಯಕ್ಕೆ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲವೆಂದು ನನಗೆ ಅನಿಸುತ್ತದೆ: ಮಂಡಿಯಲ್ಲಿ ಕಾಣಿಸಿಕೊಳ್ಳುವ ನೋವಿನ ಮೂಲ ಯಾವಾಗಲೂ ಮಂಡಿಯಲ್ಲೇ ಇರುವುದಿಲ್ಲ. ಸೊಂಟದ ಕೀಲಿಗೂ ಮಂಡಿಗೂ ಹೋಗುವ ನರಗಳು ಭಾಗಶಃ ಒಂದೇ ಆಗಿರುವುದರಿಂದ ಸೊಂಟದ ಕೀಲಿನ ಸವೆತ ಮಂಡಿನೋವಾಗಿ ಕಾಣಿಸಿಕೊಳ್ಳಬಹುದು. ಕೆಳಬೆನ್ನಿನಲ್ಲಿ ನರ ಒತ್ತಿಕೊಂಡಿದ್ದರೂ ನೋವು ತೊಡೆಯ ಮುಂಭಾಗದಿಂದ ಮಂಡಿಯವರೆಗೆ ಇಳಿಯುತ್ತದೆ. ಹತ್ತರಿಂದ ಹದಿನಾರರ ಒಳಗಿನ ಮಗುವೊಂದು ಪೆಟ್ಟಿಲ್ಲದೆ ಮಂಡಿನೋವೆಂದು ಕುಂಟುತ್ತಿದ್ದರೆ ಸೊಂಟದ ಕೀಲನ್ನು ಪರೀಕ್ಷಿಸಲೇಬೇಕು. ಆ ವಯಸ್ಸಿನಲ್ಲಿ ತೊಡೆಮೂಳೆಯ ತಲೆ ಬೆಳವಣಿಗೆಯ ಪದರದಲ್ಲಿ ಜಾರುವ ತೊಂದರೆಯೊಂದಿದೆ, ಅದಕ್ಕೆ ಬೇಗನೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಆದ್ದರಿಂದ ಸೊಂಟ, ಬೆನ್ನು ಮತ್ತು ಹರಡನ್ನು ನೋಡದೆ ನೇರವಾಗಿ ಮಂಡಿಗೆ ಕೈ ಹಾಕುವವರಿಂದ ದೂರವಿರಿ.

ಆಧಾರ ಎಷ್ಟಿದೆ

ಇಲ್ಲಿ ಪ್ರಾಮಾಣಿಕವಾಗಿ ಮಾತನಾಡುವುದು ಅಗತ್ಯ, ಏಕೆಂದರೆ ಜಾಹೀರಾತುಗಳು ಹಾಗೆ ಮಾತನಾಡುವುದಿಲ್ಲ. ವೈದ್ಯರಿಗೆ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಸಂಧಿ ಸವೆತಕ್ಕೆ ವ್ಯಾಯಾಮ ಮತ್ತು ತೂಕ ಇಳಿಕೆಯನ್ನು ಚಿಕಿತ್ಸೆಯ ಬುನಾದಿಯಾಗಿ ಇಟ್ಟಿದೆ. ಕೈಚಿಕಿತ್ಸೆಯನ್ನು ಮಂಡಿ ಮತ್ತು ಸೊಂಟದ ಸವೆತದಲ್ಲಿ, ಅದೂ ವ್ಯಾಯಾಮದ ಜೊತೆಗೆ ಮಾತ್ರ, ಪರಿಗಣಿಸಬಹುದೆಂದು ಅದು ಹೇಳುತ್ತದೆ. ಅಮೆರಿಕದ ಸಂಧಿವಾತ ತಜ್ಞರ ಸಂಘವು 2019ರಲ್ಲಿ ನೀಡಿದ ಮಾರ್ಗಸೂಚಿ ಇನ್ನೂ ಬಿಗಿಯಾಗಿದೆ: ವ್ಯಾಯಾಮಕ್ಕೆ ಕೈಚಿಕಿತ್ಸೆಯನ್ನು ಸೇರಿಸುವುದರಿಂದ ಹೆಚ್ಚುವರಿ ಪ್ರಯೋಜನ ಸಾಲದೆಂದು ಅದು ಷರತ್ತಿನ ಮೇಲೆ, ಅಂದರೆ ಅಷ್ಟು ಬಲವಿಲ್ಲದ ಶಿಫಾರಸಾಗಿ, ಬೇಡವೆಂದಿದೆ, ಯೋಗವನ್ನು ಷರತ್ತಿನ ಮೇಲೆ ಒಪ್ಪಿದೆ, ವ್ಯಾಯಾಮವನ್ನು ಬಲವಾಗಿ ಶಿಫಾರಸು ಮಾಡಿದೆ.

ಇನ್ನೊಂದು ಬದಿಯ ಪುರಾವೆಯೂ ಇದೆ. ಅಮೆರಿಕದ ಸೇನಾ ಆಸ್ಪತ್ರೆಗಳಲ್ಲಿ 156 ಮಂದಿ ಮಂಡಿ ಸವೆತದ ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೈಚಿಕಿತ್ಸೆಯನ್ನೂ ವ್ಯಾಯಾಮವನ್ನೂ ಬೆರೆಸಿದ ಫಿಸಿಯೋಥೆರಪಿಯನ್ನು ಸ್ಟಿರಾಯ್ಡ್ ಚುಚ್ಚುಮದ್ದಿನೊಂದಿಗೆ ಹೋಲಿಸಲಾಯಿತು. ನೋವು, ಬಿಗಿತ ಮತ್ತು ಓಡಾಟದ ಕಷ್ಟವನ್ನು 0ಯಿಂದ 240ರವರೆಗೆ ಅಳೆಯುವ ಮಾಪನದಲ್ಲಿ, ಒಂದು ವರ್ಷದ ಬಳಿಕ ಫಿಸಿಯೋಥೆರಪಿ ಪಡೆದವರ ಸರಾಸರಿ 37 ಇದ್ದರೆ ಚುಚ್ಚುಮದ್ದು ಪಡೆದವರದು ಸುಮಾರು 56 ಇತ್ತು. ಅಂಕ ಕಡಿಮೆಯಾದಷ್ಟೂ ಸ್ಥಿತಿ ಉತ್ತಮ. ಇದನ್ನು ಓದುವಾಗ ಎರಡು ಸಂಗತಿಗಳನ್ನು ಮರೆಯಬಾರದು. ಚಿಕಿತ್ಸೆ ನೀಡಿದವರು ಫಿಸಿಯೋಥೆರಪಿಸ್ಟರೇ ಹೊರತು ಕೈರೋಪ್ರಾಕ್ಟರುಗಳಲ್ಲ. ಮತ್ತು ಅಲ್ಲಿ ವ್ಯಾಯಾಮವು ಚಿಕಿತ್ಸೆಯ ಅವಿಭಾಜ್ಯ ಅಂಗವಾಗಿತ್ತು. ಕೈರೋಪ್ರಾಕ್ಟರ್ ಒಬ್ಬರು ಇದೇ ಬಗೆಯ ಮೃದುವಾದ ಕೀಲುಚಾಲನೆಯನ್ನು ವ್ಯಾಯಾಮದೊಂದಿಗೆ ಕೊಡುವುದಾದರೆ ಅದರಿಂದ ಇಂಥದೇ ಫಲವನ್ನು ನಿರೀಕ್ಷಿಸುವುದು ತರ್ಕಬದ್ಧ. ಬೆನ್ನುಮೂಳೆ ಸರಿಪಡಿಸಿದರೆ ಮಂಡಿ ತಾನಾಗಿಯೇ ಗುಣವಾಗುತ್ತದೆ ಎಂಬ ಭರವಸೆಗೆ ಈ ಆಧಾರ ಸಲ್ಲುವುದಿಲ್ಲ.

ಚಿಕಿತ್ಸಕರ ಆಯ್ಕೆ

ಅಮೆರಿಕದ ಎಲ್ಲ 50 ರಾಜ್ಯಗಳಲ್ಲೂ ಕೈರೋಪ್ರಾಕ್ಟರುಗಳಿಗೆ ಪರವಾನಗಿ ಕಡ್ಡಾಯ, ಆಯಾ ರಾಜ್ಯದ ಮಂಡಳಿಯಲ್ಲಿ ಹೆಸರನ್ನು ಪರಿಶೀಲಿಸಬಹುದು. ಬ್ರಿಟನ್ನಿನಲ್ಲಿ 1994ರ ಕಾಯಿದೆಯ ಪ್ರಕಾರ ಜನರಲ್ ಕೈರೋಪ್ರಾಕ್ಟಿಕ್ ಕೌನ್ಸಿಲ್‌ನಲ್ಲಿ ನೋಂದಣಿ ಇಲ್ಲದವರು ಆ ಹೆಸರನ್ನು ಬಳಸುವಂತೆಯೇ ಇಲ್ಲ. ಅಮೆರಿಕದಲ್ಲಿ ನೆಲೆಸಿರುವ ಹಿರಿಯ ಕನ್ನಡಿಗರು ಒಂದು ಅಂಶವನ್ನು ಗಮನಿಸಬೇಕು: ಅಲ್ಲಿನ ಸರ್ಕಾರಿ ಮೆಡಿಕೇರ್ ವಿಮೆಯು ಕೈರೋಪ್ರಾಕ್ಟರ್ ಮಾಡುವ ಬೆನ್ನುಮೂಳೆಯ ಕೈಚಿಕಿತ್ಸೆಗೆ ಮಾತ್ರ ಹಣ ಕೊಡುತ್ತದೆ, ಮಂಡಿಯ ಚಿಕಿತ್ಸೆಗೆ ಕೊಡುವುದಿಲ್ಲ. ಹೀಗಾಗಿ ಮಂಡಿಯ ಸಲುವಾಗಿ ಹೋದಾಗ ವೆಚ್ಚವನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಭಾರತದ ಸ್ಥಿತಿ ಬೇರೆ. ಇಲ್ಲಿ ಕೈರೋಪ್ರಾಕ್ಟಿಕ್‌ಗೆಂದೇ ಶಾಸನಬದ್ಧ ಪರಿಷತ್ತಿಲ್ಲ. ಆದರೆ ಫಿಸಿಯೋಥೆರಪಿಯು 2021ರ ರಾಷ್ಟ್ರೀಯ ಕಾಯಿದೆಯ ವ್ಯಾಪ್ತಿಗೆ ಬಂದಿದೆ. ವಿದೇಶದಲ್ಲಿ ವರ್ಷಗಟ್ಟಲೆ ಓದಿ ಪದವಿ ಪಡೆದು ಬಂದವರು, ಫಿಸಿಯೋಥೆರಪಿ ಪದವಿಯ ಮೇಲೆ ಕೈಚಿಕಿತ್ಸೆಯ ತರಬೇತಿ ಪಡೆದವರು, ಕೆಲವೇ ದಿನಗಳ ಶಿಬಿರ ಮುಗಿಸಿದವರು, ಎಲ್ಲರೂ ಒಂದೇ ಹೆಸರಿನ ಫಲಕ ಹಾಕಿಕೊಳ್ಳಲು ಇದು ದಾರಿ ಮಾಡಿದೆ. ಆದ್ದರಿಂದ ನಾಚಿಕೆಪಡದೆ ಕೇಳಿ: "ತಮ್ಮ ಪದವಿ ಯಾವುದು, ಎಷ್ಟು ವರ್ಷದ ಕೋರ್ಸು, ಯಾವ ವಿಶ್ವವಿದ್ಯಾಲಯ?" ಉತ್ತರ ಹಾರಿಕೆಯದಾದರೆ ಎದ್ದು ಬನ್ನಿ. ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯಿದೆಯು ಫಿಸಿಯೋಥೆರಪಿ ಕೇಂದ್ರಗಳನ್ನೂ ಒಳಗೊಂಡಿರುವುದರಿಂದ, ಅಂಥ ಕೇಂದ್ರದಲ್ಲಿ ನೋಂದಣಿ ಪತ್ರ ಗೋಡೆಯ ಮೇಲಿದೆಯೇ ನೋಡಿ. ನಿಮ್ಮ ಊರಿನಲ್ಲಿ ನಂಬಿಕೆಗೆ ಅರ್ಹರಾದ ಕೈರೋಪ್ರಾಕ್ಟರ್ ಸಿಗದಿದ್ದರೆ ಚಿಂತಿಸಬೇಕಿಲ್ಲ. ಅನುಭವಿ ಫಿಸಿಯೋಥೆರಪಿಸ್ಟ್ ಮಂಡಿಗೆ ಮಾಡುವ ಕೈಚಿಕಿತ್ಸೆ ಬಹುಪಾಲು ಇದೇ ಆಗಿರುತ್ತದೆ, ಅದರ ಹಿಂದಿನ ಪುರಾವೆಯೂ ಹೆಚ್ಚು.

ಮೊದಲ ಭೇಟಿ

ತೊಡೆಯವರೆಗೆ ಮೇಲೇರಿಸಬಹುದಾದ ಸಡಿಲ ಪ್ಯಾಂಟು ಅಥವಾ ಚಡ್ಡಿ ಧರಿಸಿ ಹೋಗಿ. ಸೀರೆ ಉಡುವವರು ಒಂದು ಸಡಿಲ ಪೈಜಾಮವನ್ನು ಜೊತೆಗೆ ಒಯ್ಯುವುದು ಒಳ್ಳೆಯದು. ದಿನವೂ ತೊಡುವ ಚಪ್ಪಲಿ ಅಥವಾ ಬೂಟನ್ನೇ ಹಾಕಿಕೊಂಡಿರಿ, ಅದರ ಅಡಿ ಸವೆದಿರುವ ರೀತಿ ನಿಮ್ಮ ನಡಿಗೆಯ ಬಗ್ಗೆ ಬಹಳಷ್ಟು ತಿಳಿಸುತ್ತದೆ. ಹಳೆಯ ಎಕ್ಸ್-ರೇ ಇದ್ದರೆ ಒಯ್ಯಿರಿ, ಇಲ್ಲದಿದ್ದರೆ ಹೊಸದಾಗಿ ತೆಗೆಸಲೇಬೇಕೆಂದಿಲ್ಲ: 45 ಅಥವಾ ಅದಕ್ಕಿಂತ ಹೆಚ್ಚಿನ ವಯಸ್ಸು, ಓಡಾಡಿದಾಗ ಹೆಚ್ಚುವ ನೋವು, ಬೆಳಗಿನ ಬಿಗಿತ ಇಲ್ಲದಿರುವುದು ಅಥವಾ ಅರ್ಧ ಗಂಟೆಯೊಳಗೆ ಬಿಡುವುದು, ಇಷ್ಟಿದ್ದರೆ ಸವೆತವನ್ನು ಚಿತ್ರವಿಲ್ಲದೆಯೇ ಗುರುತಿಸಬಹುದೆಂದು ನೈಸ್ ಮಾರ್ಗಸೂಚಿಯೂ ಹೇಳುತ್ತದೆ. ಚಿತ್ರದಲ್ಲಿ ಕಾಣುವ ಸವೆತಕ್ಕೂ ಅನುಭವಿಸುವ ನೋವಿಗೂ ನೇರ ಸಂಬಂಧವಿಲ್ಲದಿರುವುದು ಸಾಮಾನ್ಯ. ಎಕ್ಸ್-ರೇ ಕೆಟ್ಟದಾಗಿದ್ದರೂ ಆರಾಮವಾಗಿ ನಡೆಯುವವರಿದ್ದಾರೆ.

ನೀವು ಹೇಳದಿದ್ದರೆ ಅವರಿಗೆ ತಿಳಿಯದ ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ವಾರ್ಫರಿನ್, ಅಪಿಕ್ಸಬಾನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಗಳು, ದೀರ್ಘಕಾಲ ಸೇವಿಸಿದ ಸ್ಟಿರಾಯ್ಡ್, ಮೂಳೆ ಟೊಳ್ಳಾಗಿದೆಯೆಂದು ಯಾವಾಗಲಾದರೂ ಹೇಳಿರುವುದು, ರುಮಟಾಯ್ಡ್ ಸಂಧಿವಾತ, ಗೌಟ್, ಸಕ್ಕರೆ ಕಾಯಿಲೆ, ಹಿಂದಿನ ಮಂಡಿ ಶಸ್ತ್ರಚಿಕಿತ್ಸೆ, ಇವೆಲ್ಲವೂ ಚಿಕಿತ್ಸೆಯ ಸ್ವರೂಪವನ್ನೇ ಬದಲಿಸುತ್ತವೆ. ಕೃತಕ ಮಂಡಿ ಹಾಕಿಸಿಕೊಂಡವರು ಆ ಕಾಲಿಗೆ ಯಾವ ಬಗೆಯ ಥಟ್ಟನೆಯ ತಳ್ಳುವಿಕೆಗೂ ಒಪ್ಪಬಾರದು.

ಸರಿಯಾದ ಪರೀಕ್ಷೆಯಲ್ಲಿ ಚಿಕಿತ್ಸಕರು ನಿಮ್ಮ ನಡಿಗೆ ನೋಡುತ್ತಾರೆ, ಕುರ್ಚಿಯಿಂದ ಎದ್ದು ಕೂರಲು ಹೇಳುತ್ತಾರೆ, ಮಂಡಿ ಎಷ್ಟು ಮಡಚುತ್ತದೆ ಮತ್ತು ಎಷ್ಟು ನೀಳವಾಗುತ್ತದೆ ಎಂದು ಅಳೆಯುತ್ತಾರೆ, ಲಿಗಮೆಂಟು ಮತ್ತು ಮೆನಿಸ್ಕಸ್ ಪರೀಕ್ಷೆಗಳನ್ನು ಮಾಡುತ್ತಾರೆ, ಸೊಂಟವನ್ನು ತಿರುಗಿಸಿ ನೋಡುತ್ತಾರೆ, ಕಾಲಿನ ಸ್ಪರ್ಶಜ್ಞಾನ ಮತ್ತು ಬಲವನ್ನು ಪರಿಶೀಲಿಸುತ್ತಾರೆ. ಆಮೇಲೆ ತಮಗೆ ಕಂಡದ್ದೇನು, ಏನು ಮಾಡಲಿದ್ದಾರೆ, ಅದರ ಅಪಾಯವೇನು, ಬೇರೆ ದಾರಿಗಳಾವುವು ಎಂದು ಹೇಳಿ ನಿಮ್ಮ ಒಪ್ಪಿಗೆ ಕೇಳುತ್ತಾರೆ. ಈ ಒಪ್ಪಿಗೆ ಕೇಳದೆ ಮುಂದುವರಿಯುವವರ ಮೇಜಿನ ಮೇಲೆ ಮಲಗಬೇಡಿ.

ಯಾವುದಕ್ಕೆ ಒಪ್ಪಬಹುದು, ಯಾವುದು ಬೇಡ

ಮಂಡಿಚಿಪ್ಪನ್ನು ಮೇಲೆ ಕೆಳಗೆ, ಅತ್ತ ಇತ್ತ ಮೆಲ್ಲಗೆ ಜರುಗಿಸುವುದು, ಕಣಕಾಲನ್ನು ಹಿಡಿದು ಕೀಲನ್ನು ನಿಧಾನವಾಗಿ ಎಳೆದು ಬಿಡುವುದು, ಕಣಕಾಲಿನ ಮೂಳೆಯನ್ನು ಹಿಂದಕ್ಕೋ ಮುಂದಕ್ಕೋ ಲಯಬದ್ಧವಾಗಿ ಒತ್ತುತ್ತ ಮಡಚುವಿಕೆ ಮತ್ತು ನೀಳುವಿಕೆಯನ್ನು ಹೆಚ್ಚಿಸುವುದು, ತೊಡೆಯ ಹೊರಬದಿ ಮತ್ತು ಮೀನಖಂಡದ ಬಿಗಿ ಜಾಗಗಳನ್ನು ಒತ್ತಿ ಸಡಿಲಿಸುವುದು, ಮಂಡಿಚಿಪ್ಪಿನ ಸುತ್ತ ಅಂಟುಪಟ್ಟಿ ಹಾಕುವುದು, ಸೊಂಟ ಮತ್ತು ಹರಡಿನ ಕೀಲುಗಳಿಗೂ ಇದೇ ರೀತಿಯ ಚಾಲನೆ ಕೊಡುವುದು, ಇವು ಸಾಮಾನ್ಯವಾಗಿ ಸುರಕ್ಷಿತವಾದ ವಿಧಾನಗಳು. ಕೆಲವರು ಸ್ಪ್ರಿಂಗ್ ಇರುವ ಸಣ್ಣ ಉಪಕರಣದಿಂದ ಮಂಡಿಯ ಸುತ್ತ ತಟ್ಟುತ್ತಾರೆ. ಅದರಿಂದ ಹಾನಿ ವಿರಳ, ಅದನ್ನೇ ನೆಚ್ಚಿಕೊಳ್ಳುವಷ್ಟು ಆಧಾರವೂ ಇಲ್ಲ. ಈ ಯಾವುದರಲ್ಲೂ ನಿಮಗೆ ಹಲ್ಲು ಕಚ್ಚುವಷ್ಟು ನೋವಾಗಬಾರದು.

ಊದಿರುವ ಅಥವಾ ಲಿಗಮೆಂಟ್ ಹರಿದಿರುವ ಮಂಡಿಗೆ ಥಟ್ಟನೆ ಜೋರಾಗಿ ತಳ್ಳುವ ಕ್ರಮ ಬೇಡ. ಮಂಡಿನೋವಿಗೆಂದು ಹೋದವರ ಕತ್ತನ್ನು ತಿರುಗಿಸಿ ಸದ್ದು ಬರಿಸುವ ಅಗತ್ಯ ಸ್ವಲ್ಪವೂ ಇಲ್ಲ. ಕತ್ತಿನ ರಭಸದ ತಿರುವಿನ ನಂತರ ಮಿದುಳಿಗೆ ರಕ್ತ ಒಯ್ಯುವ ಧಮನಿಯ ಒಳಗೋಡೆ ಸೀಳಿ ಪಾರ್ಶ್ವವಾಯು ಉಂಟಾದ ಪ್ರಕರಣಗಳು ವಿರಳವಾದರೂ ದಾಖಲಾಗಿವೆ, ಮತ್ತು ರುಮಟಾಯ್ಡ್ ಸಂಧಿವಾತ ಹಲವು ವರ್ಷಗಳಿಂದ ಇರುವವರಲ್ಲಿ ಕತ್ತಿನ ಮೇಲ್ಭಾಗದ ಕೀಲು ಸಡಿಲವಾಗಿರಬಹುದು. ತಲೆಗೆ ಪಟ್ಟಿ ಕಟ್ಟಿ ಜಗ್ಗುವುದನ್ನು ಎಷ್ಟೇ ವಿಡಿಯೊಗಳಲ್ಲಿ ನೋಡಿದ್ದರೂ "ಕತ್ತು ಬೇಡ, ಮಂಡಿ ಮಾತ್ರ ನೋಡಿ" ಎಂದು ಮೊದಲೇ ಸ್ಪಷ್ಟವಾಗಿ ಹೇಳಿಬಿಡಿ.

ಚಿಕಿತ್ಸೆಯ ನಂತರ ಒಂದೆರಡು ದಿನ ಮೈಕೈ ನೋವಿನಂಥ ಸೆಳೆತವಿರುವುದು ಸಹಜ. ಎರಡು ದಿನ ಕಳೆದರೂ ಹೆಚ್ಚುತ್ತಲೇ ಹೋದರೆ, ಮಂಡಿ ಹೊಸದಾಗಿ ಊದಿಕೊಂಡರೆ, ಕಾಲು ಜೋಮು ಹಿಡಿದರೆ ಮುಂದಿನ ಭೇಟಿಯನ್ನು ರದ್ದುಮಾಡಿ ವೈದ್ಯರನ್ನು ಕಾಣಬೇಕು.

ಮನೆಯಲ್ಲಿ ಮಾಡಬೇಕಾದ ಕೆಲಸ

ಈ ಭಾಗವನ್ನು ಬಿಟ್ಟು ಉಳಿದದ್ದನ್ನಷ್ಟೇ ಪಾಲಿಸಿದರೆ ಉಪಯೋಗವಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕೈಚಿಕಿತ್ಸೆ ಮುಗಿದ ದಿನವೇ, ಕೀಲು ಸಡಿಲವಾಗಿರುವಾಗ, ವ್ಯಾಯಾಮವನ್ನು ಆರಂಭಿಸಿ.

ಮೊದಲ ವಾರ ತೊಡೆಯ ಮುಂಭಾಗದ ಸ್ನಾಯುವನ್ನು ಎಚ್ಚರಿಸುವುದಷ್ಟೇ ಗುರಿ. ಹಾಸಿಗೆಯ ಮೇಲೆ ಕಾಲು ನೀಡಿ ಕೂತು, ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, ಅದನ್ನು ಮಂಡಿಯಿಂದ ಕೆಳಕ್ಕೆ ಒತ್ತಿ ಐದು ಸೆಕೆಂಡು ಹಿಡಿದು ಬಿಡಬೇಕು. ತೊಡೆಯ ಮೇಲೆ ಕೈಯಿಟ್ಟರೆ ಸ್ನಾಯು ಗಟ್ಟಿಯಾಗುವುದು ತಿಳಿಯಬೇಕು. ಅದರ ಜೊತೆಗೆ ಅಂಗಾತ ಮಲಗಿ, ಒಂದು ಮಂಡಿ ಮಡಚಿಟ್ಟುಕೊಂಡು, ಇನ್ನೊಂದು ಕಾಲನ್ನು ನೀಳವಾಗಿಯೇ ಎತ್ತಿ, ಮಡಚಿದ ಮಂಡಿಯ ಎತ್ತರದವರೆಗೆ ಒಯ್ದು, ಐದು ಎಣಿಸಿ, ಎತ್ತಿದ್ದಕ್ಕಿಂತ ನಿಧಾನವಾಗಿ ಇಳಿಸಿ. ಎರಡನ್ನೂ ಹತ್ತು ಹತ್ತು ಬಾರಿ, ದಿನಕ್ಕೆ ಎರಡು ಹೊತ್ತು ಮಾಡಬಹುದು. ಉಸಿರು ಕಟ್ಟಬಾರದು, ರಕ್ತದೊತ್ತಡ ಇರುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಅದು ಸಲೀಸಾದ ಮೇಲೆ ಕುರ್ಚಿಯಿಂದ ಏಳುವ ವ್ಯಾಯಾಮಕ್ಕೆ ಬನ್ನಿ. ನನ್ನ ಅಭಿಪ್ರಾಯದಲ್ಲಿ ಮಂಡಿ ಸವೆತ ಇರುವವರು ಒಂದೇ ವ್ಯಾಯಾಮ ಮಾಡುವುದಾದರೆ ಇದನ್ನೇ ಮಾಡಬೇಕು, ಏಕೆಂದರೆ ದಿನನಿತ್ಯ ನಮಗೆ ಬೇಕಾಗುವ ಶಕ್ತಿ ಇದೇ. ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿಟ್ಟು, ಪಾದಗಳನ್ನು ಸೊಂಟದಷ್ಟು ಅಗಲಕ್ಕಿಟ್ಟು, ಮುಂದಕ್ಕೆ ಬಾಗಿ ಏಳಿ. ಕೂರುವಾಗ ಧೊಪ್ಪೆಂದು ಬೀಳದೆ ಮೂರು ಎಣಿಸುತ್ತ ಇಳಿಯಿರಿ. ಮಂಡಿಗಳು ಒಳಕ್ಕೆ ವಾಲದೆ ಪಾದದ ಬೆರಳುಗಳ ನೇರಕ್ಕೆ ಇರಬೇಕು. ಮೊದಮೊದಲು ನೋವಾದರೆ ಕುರ್ಚಿಯ ಮೇಲೆ ದಪ್ಪ ದಿಂಬು ಹಾಕಿ ಎತ್ತರಿಸಿಕೊಳ್ಳಿ, ಬಲ ಬಂದಂತೆ ದಿಂಬನ್ನು ತೆಗೆಯಿರಿ. ಇದಕ್ಕೆ ಸೊಂಟದ ಸ್ನಾಯುಗಳಿಗಾಗಿ ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದನ್ನೂ, ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೀಳವಾಗಿ ಎತ್ತಿಳಿಸುವುದನ್ನೂ, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿಳಿಸುವುದನ್ನೂ ಸೇರಿಸಿ. ಆಮೇಲೆ ನಾಲ್ಕು ಅಂಗುಲ ಎತ್ತರದ ಗಟ್ಟಿ ಮೆಟ್ಟಿಲನ್ನು ಹತ್ತಿಳಿಯುವುದು. ಬಲ ಹೆಚ್ಚಿಸುವ ಈ ವ್ಯಾಯಾಮಗಳನ್ನು ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ ಮಾಡಿದರೆ ಸಾಕು. ನಡಿಗೆಯನ್ನು ದಿನವೂ ಇಟ್ಟುಕೊಳ್ಳಬಹುದು.

ಎಷ್ಟು ನೋವು ಸರಿ ಎಂಬ ಪ್ರಶ್ನೆ ಎಲ್ಲರನ್ನೂ ಕಾಡುತ್ತದೆ. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಐದರವರೆಗಿನ ನೋವು ವ್ಯಾಯಾಮದ ವೇಳೆ ಬಂದು, ಮರುದಿನದ ಹೊತ್ತಿಗೆ ಮೊದಲಿದ್ದ ಮಟ್ಟಕ್ಕೆ ಇಳಿದಿದ್ದರೆ ನೀವು ಮಾಡಿದ್ದು ಸರಿಯಾದ ಪ್ರಮಾಣ. ಮರುದಿನವೂ ಇಳಿಯದಿದ್ದರೆ ಪ್ರಮಾಣವನ್ನು ಅರ್ಧಕ್ಕೆ ತಗ್ಗಿಸಿ, ಪೂರ್ತಿ ನಿಲ್ಲಿಸಬೇಡಿ. ಈ ಲೆಕ್ಕ ತಿಳಿಯದೆ, ಸ್ವಲ್ಪ ನೋವು ಬಂದ ಕೂಡಲೇ ಸವೆತ ಹೆಚ್ಚಾಯಿತೆಂದು ಹೆದರಿ ಕೈಬಿಡುವುದೇ ವ್ಯಾಯಾಮ ಫಲಿಸದಿರಲು ದೊಡ್ಡ ಕಾರಣ.

ದಿನಚರಿಯಲ್ಲೂ ಕೆಲವು ಬದಲಾವಣೆ ಬೇಕು. ನೋವು ಹೆಚ್ಚಿರುವ ವಾರಗಳಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ವಜ್ರಾಸನ, ಪದ್ಮಾಸನ, ಕುಕ್ಕರಗಾಲಲ್ಲಿ ಕೂತು ಒರೆಸುವುದು, ನೆಲಮಟ್ಟದ ಶೌಚಾಲಯ ಇವುಗಳಿಗೆ ಬಿಡುವು ಕೊಡಿ, ಪೂಜೆಗೂ ಊಟಕ್ಕೂ ಎತ್ತರದ ಆಸನ ಬಳಸಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಊರುಗೋಲನ್ನು ನೋವಿಲ್ಲದ ಬದಿಯ ಕೈಯಲ್ಲಿ ಹಿಡಿಯಬೇಕು. ನೋವಿನ ಬದಿಯಲ್ಲಿ ಹಿಡಿದರೆ ಮಂಡಿಯ ಭಾರ ಇಳಿಯುವುದಿಲ್ಲ. ತೂಕ ಹೆಚ್ಚಿರುವವರು ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋದಷ್ಟು ತಗ್ಗುತ್ತದೆಂದು ಅಧ್ಯಯನಗಳು ತೋರಿಸಿವೆ. ಎಣ್ಣೆ ಹಚ್ಚಿ ಬಿಸಿನೀರಿನ ಶಾಖ ಕೊಡುವುದರಿಂದ ಬಿಗಿತಕ್ಕೆ ಹಿತವಾಗುತ್ತದೆ, ಊತ ಮತ್ತು ಬಿಸಿ ಇರುವಾಗ ಮಾತ್ರ ಅದು ಬೇಡ. ನೋವು ವ್ಯಾಯಾಮಕ್ಕೆ ಅಡ್ಡಿಯಾದರೆ ಡೈಕ್ಲೊಫೆನಾಕ್ ಮುಲಾಮನ್ನು ವೈದ್ಯರನ್ನು ಕೇಳಿ ಬಳಸಬಹುದು. ಅದೇ ಔಷಧಿಯ ಮಾತ್ರೆಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಮೂತ್ರಪಿಂಡ ಮತ್ತು ಹೃದಯಕ್ಕೆ ತೊಂದರೆಯಾಗಬಹುದು.

ಎಷ್ಟು ಭೇಟಿ, ಯಾವಾಗ ನಿಲ್ಲಿಸುವುದು

ಮೊದಲ ದಿನವೇ 24 ಅಥವಾ 36 ಭೇಟಿಗಳ ಪ್ಯಾಕೇಜಿಗೆ ಮುಂಗಡ ಹಣ ಕಟ್ಟಬೇಡಿ. ಮೂರರಿಂದ ಆರು ವಾರಗಳಲ್ಲಿ ಐದಾರು ಭೇಟಿಗಳು ಒಂದು ನ್ಯಾಯವಾದ ಪ್ರಯೋಗವೆಂದು ನಾನು ಭಾವಿಸುತ್ತೇನೆ. ಪ್ರಯೋಗ ಫಲಿಸಿತೇ ಎಂದು ಅಳೆಯಲು ಮನಸ್ಸಿನ ಅಂದಾಜು ಸಾಲದು, ಏಕೆಂದರೆ ಮಂಡಿನೋವು ತಾನಾಗಿಯೇ ಏರಿಳಿಯುತ್ತದೆ. ಮೊದಲ ಭೇಟಿಗೂ ಮುನ್ನ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ: ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, 30 ಸೆಕೆಂಡುಗಳಲ್ಲಿ ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲಿರಿ ಎಂದು ಎಣಿಸಿ ಬರೆದಿಡಿ. ತೋಲ ತಪ್ಪುವವರು ಪಕ್ಕದಲ್ಲಿ ಯಾರನ್ನಾದರೂ ನಿಲ್ಲಿಸಿಕೊಳ್ಳಬೇಕು. ಅದರ ಜೊತೆಗೆ ನಿಮಗೆ ಮುಖ್ಯವಾದ ಮೂರು ಕೆಲಸಗಳನ್ನು, ಉದಾಹರಣೆಗೆ ಮಾರುಕಟ್ಟೆಗೆ ನಡೆದು ಹೋಗುವುದು, ಬಸ್ಸಿನ ಮೆಟ್ಟಿಲು ಹತ್ತುವುದು, ದೇವಸ್ಥಾನದ ಪ್ರದಕ್ಷಿಣೆ, ಇವುಗಳಿಗೆ ಕಷ್ಟದ ಅಂಕ ಕೊಟ್ಟು ಇಡಿ. ಎರಡು ವಾರಕ್ಕೊಮ್ಮೆ ಅದೇ ಕುರ್ಚಿ, ಅದೇ ಹೊತ್ತಿನಲ್ಲಿ ಮತ್ತೆ ಅಳೆಯಿರಿ.

ಅಂಕಗಳು ಸುಧಾರಿಸುತ್ತಿದ್ದರೆ ಭೇಟಿಗಳ ಅಂತರವನ್ನು ಹೆಚ್ಚಿಸುತ್ತ ಹೋಗಿ, ವ್ಯಾಯಾಮವನ್ನು ಮಾತ್ರ ಉಳಿಸಿಕೊಳ್ಳಿ. ಮೇಜಿನಿಂದ ಎದ್ದಾಗ ಹಿತವೆನಿಸಿದರೂ ಎಣಿಕೆ ಕದಲದಿದ್ದರೆ ಆ ಚಿಕಿತ್ಸೆಯನ್ನು ಅಲ್ಲಿಗೇ ನಿಲ್ಲಿಸಿ. ನಿಯಮಿತವಾಗಿ ವ್ಯಾಯಾಮ ಮಾಡಿದರೂ ಮೂರು ತಿಂಗಳಲ್ಲಿ ಬದಲಾವಣೆ ಕಾಣದಿದ್ದರೆ, ನೋವು ನಿದ್ರೆ ಕೆಡಿಸುತ್ತಿದ್ದರೆ ಅಥವಾ ಮಂಡಿ ನಡೆಯುತ್ತಿರುವಾಗಲೇ ಕುಸಿಯುತ್ತಿದ್ದರೆ ಮೂಳೆ ತಜ್ಞರನ್ನು ಕಾಣಿ. ಹೋಗುವಾಗ ನೀವು ಬರೆದಿಟ್ಟ ಎಣಿಕೆಗಳನ್ನು, ಮಾಡಿದ ವ್ಯಾಯಾಮಗಳ ಪಟ್ಟಿಯನ್ನು ಮತ್ತು ಪಡೆದ ಕೈಚಿಕಿತ್ಸೆಯ ವಿವರವನ್ನು ಜೊತೆಗೆ ಒಯ್ಯಿರಿ. ಚುಚ್ಚುಮದ್ದು ಸಾಕೇ, ಕೀಲು ಬದಲಾವಣೆಯ ಬಗ್ಗೆ ಯೋಚಿಸುವ ಕಾಲ ಬಂದಿದೆಯೇ ಎಂಬುದನ್ನು ಅವರು ಎಕ್ಸ್-ರೇ ಒಂದನ್ನೇ ನೋಡಿ ಹೇಳುವುದಕ್ಕಿಂತ ಈ ದಾಖಲೆಯನ್ನೂ ಕೂಡಿಸಿ ನೋಡಿ ಹೇಳುವುದು ಹೆಚ್ಚು ಖಚಿತವಾಗಿರುತ್ತದೆ.